ಬೆಂಗಳೂರಲ್ಲಿ ಬ್ರೋಕರ್ ಮೂಲಕ ಬಾಡಿಗೆ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಹುಡುಕುವವರ ಪ್ರಶ್ನೆಗಳೆಲ್ಲ ಸಾಮಾನ್ಯವಾಗಿ ಕಮಿಷನ್ ಸುತ್ತಲೇ ಸುತ್ತುತ್ತವೆ. ಕಮಿಷನ್ ದಂಡವಾದರೆ ಒಂದು ತಿಂಗಳ ಬಾಡಿಗೆ ಹೋಯಿತು, ಹೊಟ್ಟೆ ಉರಿಯುತ್ತದೆ, ಮರೆಯುತ್ತೇವೆ. ನಿಜವಾಗಿ ಕೈ ಸುಡುವುದು ಅಡ್ವಾನ್ಸ್‌ನಲ್ಲಿ. ಅದಕ್ಕಿಂತ ಜೋರಾಗಿ ಸುಡುವುದು ಲೀಸ್‌ನಲ್ಲಿ, ಅಂದರೆ ದೊಡ್ಡ ಮೊತ್ತ ಒಮ್ಮೆಗೇ ಕೊಟ್ಟು ಬಾಡಿಗೆಯಿಲ್ಲದೆ ಇರುವ ವ್ಯವಸ್ಥೆಯಲ್ಲಿ. ಹಾಗಾಗಿ ಆ ಎರಡಕ್ಕೆ ಇಲ್ಲಿ ಜಾಗ ಜಾಸ್ತಿ.

ಬ್ರೋಕರ್ ಇಲ್ಲದೆ ಮನೆ ಸಿಗೋದೇ ಇಲ್ವಾ?

ಸಿಗುತ್ತದೆ. ಗೇಟಿಗೆ ತೂಗುಹಾಕಿದ ಟು-ಲೆಟ್ ಬೋರ್ಡು ಇನ್ನೂ ಸತ್ತಿಲ್ಲ. ಬಸವನಗುಡಿ, ಮಲ್ಲೇಶ್ವರ, ರಾಜಾಜಿನಗರದಂಥ ಹಳೇ ಬಡಾವಣೆಗಳಲ್ಲಿ ಭಾನುವಾರ ಬೆಳಿಗ್ಗೆ ನಾಲ್ಕು ಕ್ರಾಸ್ ಸುತ್ತಿದರೆ ಒಂದೆರಡು ಬೋರ್ಡಾದರೂ ಕಾಣುತ್ತವೆ. ಆದರೆ ಆ ಬೋರ್ಡಿನ ನಂಬರಿಗೆ ಫೋನ್ ಮಾಡಿದರೆ ಎತ್ತುವುದು ಎಷ್ಟೋ ಸಲ ಬ್ರೋಕರೇ. ಅಪಾರ್ಟ್‌ಮೆಂಟ್ ಆದರೆ ಸೆಕ್ಯುರಿಟಿಯವರನ್ನು ಕೇಳಿ. ಯಾವ ಬ್ಲಾಕಿನಲ್ಲಿ ಯಾವ ಮನೆ ಮುಂದಿನ ತಿಂಗಳು ಖಾಲಿಯಾಗುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಆ ಮಾಹಿತಿಗೂ ಒಂದು ಸಣ್ಣ ಬೆಲೆ ಇರುತ್ತದೆ, ಬಿಡಿ.

ಆ್ಯಪ್‌ಗಳಲ್ಲಿ ಓನರ್‌ಗಳು ನೇರವಾಗಿ ಹಾಕಿದ ಮನೆಗಳೂ ಸಿಗುತ್ತವೆ. ಆದರೆ 'ಓನರ್' ಎಂಬ ಹೆಸರಿನಲ್ಲಿ ಬ್ರೋಕರ್‌ಗಳೂ ಅಲ್ಲಿದ್ದಾರೆ. ನಾಲ್ಕು ದಿನ ರಜೆ ಹಾಕಿ ಬೇರೆ ಊರಿಂದ ಬಂದವರಿಗೆ, ಮಗುವಿನ ಸ್ಕೂಲಿನ ಹತ್ತಿರವೇ ಮನೆ ಬೇಕೆನ್ನುವವರಿಗೆ ಒಳ್ಳೆಯ ಬ್ರೋಕರ್‌ಗೆ ಕೊಡುವ ದುಡ್ಡಿಗೆ ಮೋಸವಿಲ್ಲ. ಅವರಿಗೆ ಏರಿಯಾ ಗೊತ್ತು, ಓನರ್ ಸ್ವಭಾವ ಗೊತ್ತು.

ಬ್ರೋಕರ್ ಯಾರ ಕಡೆಯವರು?

ಡೀಲ್ ಮುಗಿಯುವ ಕಡೆಯವರು. ಇದರಲ್ಲಿ ವ್ಯಂಗ್ಯವೇನಿಲ್ಲ, ಅವರ ಸಂಪಾದನೆಯೇ ಅದು. ಹಲವರು ಓನರ್‌ನಿಂದಲೂ ನಿಮ್ಮಿಂದಲೂ ಕಮಿಷನ್ ತೆಗೆದುಕೊಳ್ಳುತ್ತಾರೆ. ನೀವು ಇಡೀ ಜನ್ಮದಲ್ಲಿ ಅವರಿಗೆ ಎರಡು ಸಲ ಗಿರಾಕಿ. ಮೂರು ಮನೆ ಇರುವ ಓನರ್ ಪ್ರತಿ ವರ್ಷದ ಗಿರಾಕಿ. ಜಗಳ ಬಂದರೆ ಯಾರ ಪರ ಮಾತಾಡುತ್ತಾರೆ ಎಂದು ಬೇರೆ ಹೇಳಬೇಕಿಲ್ಲ.

ಕೀ ನಿಮ್ಮ ಕೈಗೆ ಬಂದು ಕಮಿಷನ್ ಅವರ ಕೈಗೆ ಹೋದಮೇಲೆ ನಲ್ಲಿ ಸೋರಿದರೂ, ಓನರ್ ಬೈದರೂ ಅವರು ಬರುವುದಿಲ್ಲ. ಹಾಗಾಗಿ ಬ್ರೋಕರ್ ಬಾಯಲ್ಲಿ ಹೇಳಿದ ಯಾವ ಭರವಸೆಯೂ ('ಅಡ್ವಾನ್ಸ್ ಕಟ್ ಮಾಡಲ್ಲ ಸಾರ್, ಓನರ್ ತುಂಬಾ ಒಳ್ಳೇವ್ರು') ಓನರ್ ಸಹಿ ಹಾಕಿದ ಅಗ್ರಿಮೆಂಟಿನಲ್ಲಿ ಇಲ್ಲದಿದ್ದರೆ ಲೆಕ್ಕಕ್ಕಿಲ್ಲ.

ಕಮಿಷನ್ ಎಷ್ಟು ಕೊಡಬೇಕು? ಯಾವಾಗ?

ರೂಢಿಯಲ್ಲಿ ಒಂದು ತಿಂಗಳ ಬಾಡಿಗೆ. ಚಿಕ್ಕ ಮನೆಗಳಿಗೆ, ಪರಿಚಯದವರಿಗೆ ಹದಿನೈದು ದಿನದ ಬಾಡಿಗೆಗೂ ಒಪ್ಪುತ್ತಾರೆ. ಕೇಳುವುದರಲ್ಲಿ ನಾಚಿಕೆ ಬೇಡ. ಮನೆ ನೋಡಲು ಹೋಗುವ ಮುಂಚೆಯೇ ಮೊತ್ತವನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಮನೆ ಇಷ್ಟವಾದಮೇಲೆ ಚೌಕಾಸಿ ಮಾಡಿದರೆ ನಿಮ್ಮ ಮುಖದಲ್ಲೇ ಅವರಿಗೆ ರೇಟು ಕಾಣುತ್ತದೆ.

ಕೊಡುವ ಸಮಯ ಇನ್ನೂ ಮುಖ್ಯ. ಅಗ್ರಿಮೆಂಟಿಗೆ ಓನರ್ ಸಹಿ ಬಿದ್ದು ಕೀ ನಿಮ್ಮ ಕೈಗೆ ಬಂದ ದಿನ ಕೊಡಿ. 'ಅರ್ಧ ಈಗ, ಅರ್ಧ ಆಮೇಲೆ' ಎಂದರೆ ಆ ಅರ್ಧಕ್ಕೂ ಕಾರಣ ಕೇಳಿ. ಕಮಿಷನ್ ಅನ್ನು ಯುಪಿಐಯಲ್ಲೋ ಬ್ಯಾಂಕ್ ಮೂಲಕವೋ ಕೊಟ್ಟು, ಯಾವ ಮನೆಗೆ ಎಂದು ಬರೆದಿಡಿ. ಜಿಎಸ್‌ಟಿ ಸೇರಿಸಿ ಕೇಳಿದರೆ ಅವರ ಜಿಎಸ್‌ಟಿ ನಂಬರ್ ಇರುವ ಬಿಲ್ ಕೇಳಿ. ಬಿಲ್ ಇಲ್ಲ ಎಂದರೆ ಜಿಎಸ್‌ಟಿಯೂ ಇಲ್ಲ.

ಮನೆ ತೋರಿಸೋಕೇ 500 ರೂಪಾಯಿ ಕೇಳ್ತಿದ್ದಾರೆ. ಕೊಡ್ಲಾ?

ಬೇಡ. ನೋಡಿದ್ದಕ್ಕೆ ದುಡ್ಡು ಕೇಳುವವರ ಆದಾಯ ಮನೆ ತೋರಿಸುವುದರಿಂದಲೇ ಬರುತ್ತದೆ, ಕೊಡಿಸುವುದರಿಂದ ಅಲ್ಲ.

ಟೋಕನ್ ಕೊಟ್ಟೆ, ಆಮೇಲೆ ಬೇರೆಯವರಿಗೆ ಕೊಟ್ಟುಬಿಟ್ರು. ವಾಪಸ್ ಬರುತ್ತಾ?

ಬರಬೇಕು. ಟೋಕನ್ ಎಂದರೆ ಮನೆ ಹಿಡಿದಿಡಲು ಮೊದಲೇ ಕೊಡುವ ಚಿಕ್ಕ ಮೊತ್ತ. ಆದರೆ ವಾಪಸ್ ಬರುವುದು ಯಾರ ಕೈಗೆ ಕೊಟ್ಟಿರಿ ಎನ್ನುವುದರ ಮೇಲೆ ನಿಂತಿದೆ. ಬ್ರೋಕರ್ ಖಾತೆಗೆ ಹೋದ ಟೋಕನ್ ಬಗ್ಗೆ ಓನರ್ 'ನನಗೆ ಗೊತ್ತೇ ಇಲ್ಲ' ಎನ್ನುತ್ತಾರೆ, ಬ್ರೋಕರ್ 'ಓನರ್‌ಗೆ ಕೊಟ್ಟೆ' ಎನ್ನುತ್ತಾರೆ. ಹಾಗಾಗಿ ಟೋಕನ್ ನೇರವಾಗಿ ಓನರ್ ಬ್ಯಾಂಕ್ ಖಾತೆಗೆ ಹೋಗಲಿ. ಜೊತೆಗೊಂದು ಮೆಸೇಜ್ ಸಾಕು: ಇಂಥ ಮನೆಗೆ ಇಷ್ಟು ಟೋಕನ್, ಬಾಡಿಗೆ ಇಷ್ಟು, ಅಡ್ವಾನ್ಸ್ ಇಷ್ಟು, ಇಂಥ ತಾರೀಖಿಗೆ ಅಗ್ರಿಮೆಂಟ್, ಓನರ್ ಕಡೆಯಿಂದ ತಪ್ಪಿದರೆ ಪೂರ್ತಿ ವಾಪಸ್. ಅವರು 'ಸರಿ' ಎಂದು ಉತ್ತರಿಸಲಿ. ನೀವೇ ಮನಸ್ಸು ಬದಲಾಯಿಸಿದರೆ ಟೋಕನ್ ಹೋಗುತ್ತದೆ ಎನ್ನುವುದು ರೂಢಿ. ಅದಕ್ಕೇ ಟೋಕನ್ ಚಿಕ್ಕದಿರಲಿ, ಎರಡು-ಮೂರು ಸಾವಿರದ ಮೇಲೆ ಬೇಡ.

ಓನರ್ ಅಂತ ಬಂದವರು ನಿಜವಾಗ್ಲೂ ಓನರೇ ಅಂತ ಹೇಗೆ ತಿಳ್ಕೊಳ್ಳೋದು?

ಮೂರು ಕಾಗದ ಕೇಳಿ: ಈ ವರ್ಷದ ಆಸ್ತಿ ತೆರಿಗೆ ರಸೀದಿ, ಕರೆಂಟ್ ಬಿಲ್, ಓನರ್ ಆಧಾರ್ ಅಥವಾ ಪ್ಯಾನ್. ಹೆಸರು, ವಿಳಾಸ ಹೊಂದಬೇಕು. ಹೊಂದದಿದ್ದರೆ ಕಾರಣವಿರಬಹುದು. ಬೆಂಗಳೂರಲ್ಲಿ ತೀರಿಹೋದ ತಂದೆಯ ಹೆಸರಿನಲ್ಲೇ ಮೀಟರ್ ಇರುವ ಮನೆಗಳು ಬೇಕಾದಷ್ಟು. ಆಗ ಖಾತಾ (ಪಾಲಿಕೆಯ ಆಸ್ತಿ ದಾಖಲೆ) ಯಾರ ಹೆಸರಿನಲ್ಲಿದೆ ನೋಡಿ. ಅಣ್ಣತಮ್ಮಂದಿರ ನಡುವೆ ಭಾಗವಾಗದ ಮನೆಯಾದರೆ ಒಬ್ಬರ ಸಹಿ ನಂಬಿ ದೊಡ್ಡ ಅಡ್ವಾನ್ಸ್ ಕೊಡಬೇಡಿ. ಇನ್ನೊಬ್ಬರು ಬಂದು 'ನನ್ನ ಮನೆ, ಖಾಲಿ ಮಾಡಿ' ಎಂದರೆ ನೀವು ಅವರ ಮನೆಯ ವ್ಯಾಜ್ಯದಲ್ಲಿ ಸಿಕ್ಕಿಕೊಳ್ಳುತ್ತೀರಿ.

ಓನರ್ ಅಮೆರಿಕದಲ್ಲಿದ್ದಾರೆ, ಅವರ ಪರವಾಗಿ ನಾನೇ ಸಹಿ ಹಾಕುತ್ತೇನೆ ಎಂದು ಬ್ರೋಕರ್ ಅಥವಾ ಸಂಬಂಧಿಕರು ಹೇಳಿದರೆ, ಅವರಿಗೆ ಆ ಅಧಿಕಾರ ಕೊಟ್ಟ ಪವರ್ ಆಫ್ ಅಟಾರ್ನಿ ತೋರಿಸಲಿ. ಅದರಲ್ಲಿ ಬಾಡಿಗೆಗೆ ಕೊಡುವ, ದುಡ್ಡು ತೆಗೆದುಕೊಳ್ಳುವ ಅಧಿಕಾರ ಬರೆದಿದೆಯೇ ಓದಿ. ಎಲ್ಲಕ್ಕಿಂತ ಸುಲಭದ ದಾರಿ: ವಿಡಿಯೊ ಕಾಲ್ ಮಾಡಿ ಓನರ್ ಜೊತೆ ಮಾತಾಡಿ, ಅಡ್ವಾನ್ಸ್ ಅನ್ನು ಅವರ ಹೆಸರಿನ ಖಾತೆಗೇ ಹಾಕಿ. ಅದಕ್ಕೊಪ್ಪದ ಬ್ರೋಕರ್ ಜೊತೆ ಮುಂದುವರಿಯಬೇಡಿ. ಎದುರು ಮನೆಯವರನ್ನು, ಇಸ್ತ್ರಿ ಅಂಗಡಿಯವರನ್ನು 'ಈ ಮನೆ ಯಾರದ್ದು?' ಎಂದು ಕೇಳಿದರೆ ಐದು ನಿಮಿಷದಲ್ಲಿ ವಂಶಾವಳಿಯೇ ಸಿಗುತ್ತದೆ.

'ನಾನು ಮಿಲಿಟರಿಯಲ್ಲಿದ್ದೀನಿ, ಟ್ರಾನ್ಸ್‌ಫರ್ ಆಗಿದೆ' ಅಂತ ಒಬ್ರು ಕ್ಯೂಆರ್ ಕಳಿಸಿದ್ದಾರೆ…

ಅಲ್ಲೇ ನಿಲ್ಲಿಸಿ. ಒಳ್ಳೆಯ ಏರಿಯಾದ ಮನೆ, ಕಡಿಮೆ ಬಾಡಿಗೆ, ಸಮವಸ್ತ್ರದ ಫೋಟೊ ಇರುವ ಗುರುತಿನ ಚೀಟಿ, ಗೇಟ್ ಪಾಸಿಗೆ ಚೂರು ದುಡ್ಡು, ಆಮೇಲೆ 'ರೀಫಂಡ್' ಹೆಸರಿನಲ್ಲಿ ಸ್ಕ್ಯಾನ್ ಮಾಡಿಸುವುದು. ಇದು ಹಳೇ ಆಟ. ದುಡ್ಡು ಪಡೆಯಲು ಯಾರೂ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ. ದುಡ್ಡು ಹೋಗಿಯೇಬಿಟ್ಟಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಜಾರುತ್ತದೆ.

ಹತ್ತು ತಿಂಗಳ ಅಡ್ವಾನ್ಸ್ ಕೇಳೋದು ಕಾನೂನೇ?

ಕಾನೂನು ಅಲ್ಲ, ಕಾನೂನಿಗೆ ವಿರುದ್ಧವೂ ಅಲ್ಲ. ಬೆಂಗಳೂರಿನ ರೂಢಿ ಅದು. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಎನ್ನುತ್ತದೆ. ಆದರೆ ಅದು ಮಾದರಿ ಅಷ್ಟೇ, ರಾಜ್ಯ ತನ್ನದಾಗಿ ಮಾಡಿಕೊಂಡರೆ ಮಾತ್ರ ಜಾರಿ. ಕರ್ನಾಟಕ ಹಾಗೆ ಮಾಡಿಲ್ಲ. ನಮ್ಮಲ್ಲಿರುವುದು 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಅದು ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಇವತ್ತು 3,500ಕ್ಕೆ ಬೆಂಗಳೂರಲ್ಲಿ ಏನು ಸಿಗುತ್ತದೆ ಎಂದು ನೀವೇ ಯೋಚಿಸಿ. ಹೀಗಾಗಿ ನಿಮ್ಮ ಮನೆಗೆ ಅನ್ವಯಿಸುವುದು ಬಹುಮಟ್ಟಿಗೆ ನಿಮ್ಮ ಅಗ್ರಿಮೆಂಟ್ ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆ.

ಚೌಕಾಸಿಗೆ ಜಾಗ ಇದೆ. 25,000 ಬಾಡಿಗೆಗೆ ಹತ್ತು ತಿಂಗಳೆಂದರೆ ಎರಡೂವರೆ ಲಕ್ಷ. ಕಮಿಷನ್, ಮೊದಲ ತಿಂಗಳ ಬಾಡಿಗೆ ಸೇರಿದರೆ ಮೂರು ಲಕ್ಷ ಕೈಬಿಟ್ಟ ಮೇಲೇ ನೀವು ಹಾಲು ಉಕ್ಕಿಸುವುದು. ಇತ್ತೀಚೆಗೆ, ಅದರಲ್ಲೂ ಅಪಾರ್ಟ್‌ಮೆಂಟ್‌ಗಳಲ್ಲಿ, ಐದಾರು ತಿಂಗಳಿಗೆ ಒಪ್ಪುವ ಓನರ್‌ಗಳು ಬೇಕಾದಷ್ಟಿದ್ದಾರೆ. ಬಾಡಿಗೆಯಲ್ಲಿ 500 ಇಳಿಸಲು ಒದ್ದಾಡುವ ಬದಲು ಅಡ್ವಾನ್ಸ್‌ನಲ್ಲಿ ಎರಡು ತಿಂಗಳು ಇಳಿಸಿ. ಖಾಲಿ ಮಾಡುವ ದಿನ ಎದುರಿನವರ ಕೈಯಲ್ಲಿ ನಿಮ್ಮ ದುಡ್ಡು ಕಡಿಮೆ ಇದ್ದಷ್ಟೂ ಒಳ್ಳೆಯದು.

ಎಲ್ರೂ 11 ತಿಂಗಳ ಅಗ್ರಿಮೆಂಟ್ ಯಾಕೆ ಮಾಡ್ತಾರೆ?

ಒಂದು ವರ್ಷ ಮೀರುವ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು 11 ತಿಂಗಳು. ಇದರಲ್ಲಿ ಮೋಸವೇನಿಲ್ಲ, ಅಡ್ವಾನ್ಸ್ ಮಿತಿಯಲ್ಲಿದ್ದರೆ ಚಿಂತೆಯೂ ಬೇಡ.

ಬ್ರೋಕರ್ ತರುವ ಅಗ್ರಿಮೆಂಟ್ ಹೆಚ್ಚಾಗಿ ಯಾವುದೋ ಹಳೇ ಫೈಲಿನ ಕಾಪಿ. ಹೆಸರು ಮಾತ್ರ ಬದಲಾಗಿರುತ್ತದೆ, ಒಮ್ಮೊಮ್ಮೆ ಅದೂ ಬದಲಾಗಿರುವುದಿಲ್ಲ. ಕೂತು ಓದಿ. ಇಂಗ್ಲಿಷ್ ಕಷ್ಟವಾದರೆ ಕನ್ನಡದಲ್ಲೇ ಮಾಡಿಸಿ ಎಂದು ಹೇಳುವುದಕ್ಕೆ ನಿಮಗೆ ಪೂರ್ತಿ ಹಕ್ಕಿದೆ. ನೋಡಬೇಕಾದ ಜಾಗಗಳು: ಅಡ್ವಾನ್ಸ್ ಮೊತ್ತ, ಅದನ್ನು ಯಾವ ಖಾತೆಗೆ ಯಾವತ್ತು ಕೊಟ್ಟಿರಿ, ಖಾಲಿ ಮಾಡಿದ ಎಷ್ಟು ದಿನದಲ್ಲಿ ವಾಪಸ್, ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ಎರಡೂ ಕಡೆಯ ನೋಟಿಸ್ ಎಷ್ಟು ತಿಂಗಳು, ಬಾಡಿಗೆ ಏರಿಕೆ ಶೇಕಡಾ ಎಷ್ಟು, ಮೇಂಟೆನೆನ್ಸ್ ಬಾಡಿಗೆಯೊಳಗೋ ಹೊರಗೋ. ಲಾಕ್-ಇನ್ ಎಂಬ ಪದ ಕಂಡರೆ ಎರಡು ಸಲ ಓದಿ. ಆರು ತಿಂಗಳ ಲಾಕ್-ಇನ್ ಇದ್ದು ಮೂರನೇ ತಿಂಗಳಿಗೆ ನಿಮಗೆ ಹೈದರಾಬಾದಿಗೆ ವರ್ಗವಾದರೆ ಉಳಿದ ಮೂರು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತಾರೆ. ಲಾಕ್-ಇನ್ ಓನರ್‌ಗೂ ಅನ್ವಯಿಸುವಂತೆ ಬರೆಸಿ.

ಅಗ್ರಿಮೆಂಟಿನಲ್ಲಿ ನೋಟಿಸ್ ಬಗ್ಗೆ ಏನೂ ಇಲ್ಲದಿದ್ದರೆ ಕಾನೂನಿನ ಪ್ರಕಾರ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಸಾಕು. ಹದಿನೈದು ದಿನದಲ್ಲಿ ಇನ್ನೊಂದು ಮನೆ ಹುಡುಕುವ ಶಕ್ತಿ ಇಲ್ಲದವರು 'ಎರಡು ತಿಂಗಳು' ಎಂದು ಬರೆಸಿಕೊಳ್ಳಲಿ.

ಮನೆ ನೋಡುವಾಗ ಬ್ರೋಕರ್ ಹೇಳದೇ ಇರೋದು ಯಾವುದು?

ನೀರು. ಕಾವೇರಿ ಇದೆಯಾ ಎಂದರೆ 'ಇದೆ ಸಾರ್' ಎನ್ನುತ್ತಾರೆ. ಕೇಳಬೇಕಾದ್ದು: ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತು, ಸಂಪ್ ಎಷ್ಟು ಲೀಟರ್, ಎಷ್ಟು ಮನೆಗೆ ಒಂದೇ ಸಂಪ್, ಬೋರ್‌ವೆಲ್ ಬೇಸಿಗೆಯಲ್ಲಿ ಬರುತ್ತದಾ, ಟ್ಯಾಂಕರ್ ತರಿಸಿದರೆ ದುಡ್ಡು ಯಾರದ್ದು. 2024ರ ಬೇಸಿಗೆಯನ್ನು ಈ ಊರಲ್ಲಿ ಕಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಹೊರವಲಯದ 110 ಹಳ್ಳಿಗಳಿಗೆ ನೀರು ಕೊಡುವ ಕಾವೇರಿ 5ನೇ ಹಂತಕ್ಕೆ ಚಾಲನೆ ಸಿಕ್ಕಿತು. ಆದರೆ ರಸ್ತೆಗೆ ಪೈಪ್ ಬಂದಿದ್ದಕ್ಕೂ ನಿಮ್ಮ ಕಟ್ಟಡ ಕನೆಕ್ಷನ್ ತೆಗೆದುಕೊಂಡಿದ್ದಕ್ಕೂ ವ್ಯತ್ಯಾಸವಿದೆ. ಈ ಪ್ರಶ್ನೆಗಳನ್ನು ಬ್ರೋಕರ್‌ಗೆ ಕೇಳಬೇಡಿ. ಮೇಲಿನ ಮನೆಯಲ್ಲಿ ಬಾಡಿಗೆಗಿರುವವರಿಗೆ ಕೇಳಿ. ಅವರೇ ಓನರ್ ಬಗ್ಗೆಯೂ ನಾಲ್ಕು ಮಾತು ಹೇಳುತ್ತಾರೆ.

ಇನ್ನು ಗೋಡೆಯ ಒದ್ದೆ. ಹೊಸದಾಗಿ ಬಳಿದ ಬಣ್ಣದ ಮೇಲೆ ಕೈಯಾಡಿಸಿ, ಬಾತ್‌ರೂಮಿನ ಹಿಂದಿನ ಗೋಡೆ ಬೆಡ್‌ರೂಮಿನ ಕಡೆಯಿಂದ ನೋಡಿ. ಹಗಲೊಮ್ಮೆ, ರಾತ್ರಿಯೊಮ್ಮೆ ಹೋಗಿ. ಮಳೆ ಬಂದ ಮಾರನೇ ದಿನ ಹೋದರಂತೂ ಇನ್ನೂ ಒಳ್ಳೆಯದು.

ಕರೆಂಟ್ ಬಿಲ್ ವಿಷಯದಲ್ಲಿ ಏನು ನೋಡ್ಬೇಕು?

ನಿಮ್ಮ ಮನೆಗೆ ಸ್ವಂತ ಬೆಸ್ಕಾಂ ಮೀಟರ್ ಇದೆಯೋ, ಓನರ್ ಹಾಕಿಸಿದ ಸಬ್ ಮೀಟರೋ? ಸಬ್ ಮೀಟರ್ ಆದರೆ ಯೂನಿಟ್‌ಗೆ ಓನರ್ ಹೇಳಿದ್ದೇ ರೇಟು, ಗೃಹಜ್ಯೋತಿಯೂ ನಿಮ್ಮ ಹೆಸರಿಗೆ ಸಿಗುವುದಿಲ್ಲ. ಸ್ವಂತ ಮೀಟರ್ ಇದ್ದರೆ ಬಾಡಿಗೆದಾರರಿಗೂ ಗೃಹಜ್ಯೋತಿ ಉಂಟು. ತಿಂಗಳಿಗೆ 200 ಯೂನಿಟ್ ಒಳಗೆ, ಆ ಮೀಟರಿನ ಸರಾಸರಿ ಬಳಕೆಗೆ ತಕ್ಕಂತೆ. ಹಳೇ ಮನೆಯ ಆರ್‌ಆರ್ ನಂಬರಿನಿಂದ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ) ನಿಮ್ಮ ಆಧಾರ್ ಬಿಡಿಸಿಕೊಂಡೇ ಹೊಸದಕ್ಕೆ ಜೋಡಿಸಬೇಕು. ಮನೆ ಹೊಕ್ಕುವ ದಿನ ಮೀಟರ್ ಫೋಟೊ ತೆಗೆದಿಟ್ಟುಕೊಳ್ಳಿ, ಹಿಂದಿನವರ ಬಾಕಿ ಇದೆಯೇ ಎಂದು ಆರ್‌ಆರ್ ನಂಬರ್ ಹಾಕಿ ನೋಡಿ. ಬಾಕಿ ಮೀಟರಿಗೆ ಅಂಟಿರುತ್ತದೆ, ಫ್ಯೂಸ್ ಕೀಳುವುದು ನಿಮ್ಮ ಮನೆಯದ್ದೇ.

ಲೀಸ್‌ಗೆ ಮನೆ ಇದೆ, ಹತ್ತು ಲಕ್ಷ ಕೊಟ್ರೆ ಬಾಡಿಗೆನೇ ಇಲ್ಲ ಅಂತಾರೆ. ಹೋಗಬಹುದಾ?

ನಿಧಾನ. ಇಡೀ ಪುಟದಲ್ಲಿ ಇದೊಂದನ್ನೇ ಓದಿದರೂ ಸಾಕು.

ಲೀಸ್, ಅಂದರೆ ನಮ್ಮ ಹಳೇ ಭೋಗ್ಯ. ದೊಡ್ಡ ಮೊತ್ತ ಒಮ್ಮೆಗೇ ಕೊಡುತ್ತೀರಿ, ಎರಡು-ಮೂರು ವರ್ಷ ಬಾಡಿಗೆಯಿಲ್ಲದೆ ಇರುತ್ತೀರಿ, ಖಾಲಿ ಮಾಡುವಾಗ ಪೂರ್ತಿ ಮೊತ್ತ ವಾಪಸ್. ಕೇಳಲು ಚೆನ್ನಾಗಿದೆ. ಈಗ ಲೆಕ್ಕ ಹಾಕಿ. ಹತ್ತು ಲಕ್ಷವನ್ನು ಓನರ್ ಬ್ಯಾಂಕಿನಲ್ಲಿಟ್ಟರೆ ಶೇ 7ರ ಬಡ್ಡಿಗೆ ವರ್ಷಕ್ಕೆ 70,000, ಅಂದರೆ ತಿಂಗಳಿಗೆ ಆರು ಸಾವಿರಕ್ಕೂ ಚೂರು ಕಡಿಮೆ. ಅದೇ ಮನೆಗೆ 25,000 ಬಾಡಿಗೆ ಬರುತ್ತದೆ. 25,000 ಬಿಟ್ಟು ಆರು ಸಾವಿರಕ್ಕೆ ಯಾರು ಒಪ್ಪುತ್ತಾರೆ? ಜೋರು ಬಡ್ಡಿಯ ಕೈಸಾಲ ತೀರಿಸಬೇಕಾದವರು, ಮೇಲೊಂದು ಮಹಡಿ ಕಟ್ಟುತ್ತಿರುವವರು, ಮಗಳ ಮದುವೆ ಇಟ್ಟುಕೊಂಡವರು. ಅಂಥ ಪ್ರಾಮಾಣಿಕ ಓನರ್‌ಗಳು ಇದ್ದಾರೆ. ಆದರೆ ಅವರ ಕೈಯಲ್ಲೂ ನಿಮ್ಮ ದುಡ್ಡು ಉಳಿದಿರುವುದಿಲ್ಲ, ಖರ್ಚಾಗಿರುತ್ತದೆ. ನಿಮ್ಮ ಹತ್ತು ಲಕ್ಷ ವಾಪಸ್ ಬರುವುದು ಮುಂದಿನ ಲೀಸ್‌ದಾರ ಕೊಟ್ಟಾಗ. ಅವರು ಸಿಗುವುದು ತಡವಾದರೆ ನೀವೂ ಕಾಯಬೇಕು.

ಅಪಾಯ ದೊಡ್ಡದಾಗುವುದು ನಡುವೆ ಏಜೆನ್ಸಿ ಬಂದಾಗ. ಬೆಂಗಳೂರಲ್ಲಿ ಮತ್ತೆ ಮತ್ತೆ ನಡೆದಿರುವ ಮೋಸದ ಅಚ್ಚು ಹೀಗಿದೆ. ಒಂದು ಕಂಪನಿ ಓನರ್ ಹತ್ತಿರ ಹೋಗಿ 'ನಿಮ್ಮ ಫ್ಲ್ಯಾಟ್ ನಾವೇ ನೋಡಿಕೊಳ್ಳುತ್ತೇವೆ, ತಿಂಗಳಿಗೆ 25,000 ತಪ್ಪದೆ ಹಾಕುತ್ತೇವೆ' ಎನ್ನುತ್ತದೆ. ಓನರ್ ಖುಷಿಯಾಗಿ ಬಾಡಿಗೆ ಅಗ್ರಿಮೆಂಟಿಗೆ ಸಹಿ ಹಾಕುತ್ತಾರೆ. ಅದೇ ಕಂಪನಿ ನಿಮ್ಮ ಹತ್ತಿರ ಬಂದು ಅದೇ ಫ್ಲ್ಯಾಟನ್ನು ಹತ್ತು ಲಕ್ಷಕ್ಕೆ ಲೀಸ್‌ಗೆ ಕೊಡುತ್ತದೆ. ಓನರ್‌ಗೆ ಲೀಸ್ ವಿಷಯ ಗೊತ್ತಿಲ್ಲ, ನಿಮಗೆ ಬಾಡಿಗೆ ವಿಷಯ ಗೊತ್ತಿಲ್ಲ. ಎರಡು ವರ್ಷದಲ್ಲಿ ನಿಮ್ಮ ದುಡ್ಡಿನಿಂದಲೇ ಓನರ್‌ಗೆ ಆರು ಲಕ್ಷ ಬಾಡಿಗೆ ಹೋಗಿರುತ್ತದೆ. ಉಳಿದ ನಾಲ್ಕರಲ್ಲಿ ಆಫೀಸು, ಸಂಬಳ, ಜಾಹೀರಾತು. ನಿಮಗೆ ಕೊಡಬೇಕಾದ್ದು ಮಾತ್ರ ಹತ್ತು. ಹೊಸಬರು ಬರುತ್ತಿರುವಷ್ಟು ದಿನ ಚಕ್ರ ಉರುಳುತ್ತದೆ. ನಿಂತ ದಿನ ಆಫೀಸಿಗೆ ಬೀಗ, ಓನರ್‌ಗೆ ಬಾಡಿಗೆ ಬಂದಿರುವುದಿಲ್ಲ, ಅವರು ನಿಮ್ಮ ಬಾಗಿಲು ತಟ್ಟಿ 'ಯಾರು ನೀವು?' ಎನ್ನುತ್ತಾರೆ. ಇಬ್ಬರೂ ಮೋಸ ಹೋದವರು, ಜಗಳ ಮಾತ್ರ ಇಬ್ಬರ ನಡುವೆ.

ಇದರಿಂದ ತಪ್ಪಿಸಿಕೊಳ್ಳಲು ಒಂದೇ ನಿಯಮ: ಲೀಸ್ ದುಡ್ಡು ಓನರ್ ಖಾತೆಗೆ, ಓನರ್ ಸಹಿಗೆ. ಕಂಪನಿ ಎಷ್ಟೇ ದೊಡ್ಡ ಆಫೀಸ್ ಇಟ್ಟಿರಲಿ, ಎಷ್ಟೇ ಒಳ್ಳೆಯ ಕಾಫಿ ಕೊಡಲಿ, ಅದರ ಖಾತೆಗೆ ಬೇಡ.

ಓನರ್ ನೇರವಾಗಿ ಸಿಕ್ಕರೂ ಇನ್ನೆರಡು ಕೆಲಸ ಇದೆ. ಒಂದು, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಆ ಆಸ್ತಿಯ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿ. ಮನೆ ಮೇಲೆ ಬ್ಯಾಂಕ್ ಸಾಲ ನೋಂದಣಿಯಾಗಿದ್ದರೆ ಅದರಲ್ಲಿ ಕಾಣುತ್ತದೆ. ಕಾಣದಿದ್ದರೆ ಸಾಲವೇ ಇಲ್ಲ ಎಂದು ಅರ್ಥವಲ್ಲ, ನೋಂದಣಿಯಾಗದ್ದು ಅದರಲ್ಲಿ ಬರುವುದಿಲ್ಲ. ಅದಕ್ಕೇ ಮೂಲ ಕ್ರಯಪತ್ರ ತೋರಿಸಿ ಎಂದು ಕೇಳಿ. 'ಬ್ಯಾಂಕಿನಲ್ಲಿದೆ' ಎಂದರೆ ಉತ್ತರ ಸಿಕ್ಕಂತೆ. ಕಂತು ಕಟ್ಟದೆ ಬ್ಯಾಂಕ್ ಮನೆ ಹರಾಜಿಗಿಟ್ಟಾಗ ಲೀಸ್‌ನಲ್ಲಿದ್ದವರು ಸಾಮಾನು ಸಮೇತ ಬೀದಿಗೆ ಬಂದದ್ದಿದೆ. ಎರಡು, ಲೀಸ್ ಕರಾರನ್ನು ನೋಂದಾಯಿಸಿ. ಎರಡು ವರ್ಷದ ಲೀಸನ್ನು ನೋಟರಿ ಮುದ್ರೆಯ ಕಾಗದದಲ್ಲಿ ಮಾಡಿದರೆ, ನಾಳೆ ಕೋರ್ಟಿನಲ್ಲಿ ಅದನ್ನು ಲೀಸ್ ಕರಾರೆಂದು ಮುಂದಿಡಲು ಕಷ್ಟ. ಬ್ರೋಕರ್ 'ಎಲ್ಲರೂ ನೋಟರಿನೇ ಮಾಡ್ಸೋದು' ಎನ್ನುತ್ತಾರೆ, ಅದು ನಿಜವೂ ಹೌದು. ನೋಂದಣಿಗೆ ಓನರ್ ಒಪ್ಪದಿದ್ದರೆ, ನನ್ನ ಮಟ್ಟಿಗೆ, ಆ ಹತ್ತು ಲಕ್ಷ ನಿಮ್ಮ ಬ್ಯಾಂಕಿನಲ್ಲೇ ಇರಲಿ. ಬಾಡಿಗೆ ಮನೆ ನೋಡಿ.

ಅರ್ಧ ಲೀಸ್, ಅರ್ಧ ಬಾಡಿಗೆ ಅಂದ್ರೆ?

ಐದು ಲಕ್ಷ ಕೊಟ್ಟು ತಿಂಗಳಿಗೆ ಎಂಟೋ ಹತ್ತೋ ಸಾವಿರ ಬಾಡಿಗೆ, ಆ ಥರ. ಮೇಲೆ ಹೇಳಿದ್ದೆಲ್ಲ ಇದಕ್ಕೂ ಅನ್ವಯ.

ಬ್ರೋಕರ್ ಫೋನಿನಲ್ಲೇ ಜಾತಿ, ಊಟ, ಮದುವೆ ಎಲ್ಲ ಕೇಳ್ತಾರಲ್ಲ?

ಕೇಳುತ್ತಾರೆ. 'ವೆಜ್ಜಾ ನಾನ್‌ವೆಜ್ಜಾ' ಎಂಬ ಪ್ರಶ್ನೆಯ ಹಿಂದೆ ಜಾತಿ, ಧರ್ಮ ಎರಡೂ ಇರುತ್ತವೆ, ಕೇಳುವವರಿಗೂ ಗೊತ್ತು, ಕೇಳಿಸಿಕೊಳ್ಳುವವರಿಗೂ ಗೊತ್ತು. ಬ್ಯಾಚುಲರ್‌ಗಳಿಗೆ, ಒಂಟಿ ಹೆಣ್ಣುಮಕ್ಕಳಿಗೆ, ಮುಸ್ಲಿಮರಿಗೆ, ದಲಿತರಿಗೆ 'ಮನೆ ಈಗಷ್ಟೇ ಹೋಯ್ತು' ಎಂಬ ಉತ್ತರ ಹೊಸದಲ್ಲ. ಖಾಸಗಿ ಓನರ್ ಯಾರಿಗೆ ಮನೆ ಕೊಡಬೇಕೆಂಬ ವಿಷಯದಲ್ಲಿ ಕಾನೂನು ಹೆಚ್ಚು ಕೈಹಾಕಿಲ್ಲ. ಆದರೆ ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿ ಹೆಸರು ಹಿಡಿದು ಸಾರ್ವಜನಿಕವಾಗಿ ಅವಮಾನಿಸಿದರೆ ಅದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ.

ಮೊಟ್ಟೆ ಬೇಯಿಸುವ ಮನೆಯವರು ಸುಳ್ಳು ಹೇಳಿ ಹೊಕ್ಕುವುದು ಬೇಡ ಎಂದು ನಾನಂತೂ ಹೇಳುತ್ತೇನೆ. ಮೌಲ್ಯದ ಮಾತಲ್ಲ ಇದು. ನಿಮ್ಮ ಅಡುಗೆಮನೆಯಲ್ಲಿ ನೀವೇ ಕಿಟಕಿ ಮುಚ್ಚಿಕೊಂಡು ಮೂರು ವರ್ಷ ಬದುಕುವುದು ಯಾತನೆ. ಮನೆಗೆ ನೆಂಟರು ಬರಬಹುದೇ, ಎಷ್ಟು ದಿನ, ರಾತ್ರಿ ಗೇಟಿಗೆ ಬೀಗ ಎಷ್ಟು ಹೊತ್ತಿಗೆ ಎಂಬುದನ್ನೂ ಮೊದಲೇ ಕೇಳಿ.

11 ತಿಂಗಳಾದ್ಮೇಲೆ ಬ್ರೋಕರ್ ಮತ್ತೆ ಬಂದು ರಿನ್ಯೂವಲ್ ಕಮಿಷನ್ ಕೇಳ್ತಿದ್ದಾರೆ.

ಮೊದಲೇ ಬರೆದು ಒಪ್ಪಿರದಿದ್ದರೆ ಕೊಡಬೇಕಿಲ್ಲ. ಓನರ್ ಜೊತೆ ನೇರವಾಗಿ ಕೂತು ಹೊಸ ಅಗ್ರಿಮೆಂಟ್ ಮಾಡಿಕೊಳ್ಳಿ. ಬೇಕಿರುವುದು ಇ-ಸ್ಟಾಂಪ್ ಪೇಪರ್, ಎರಡು ಸಹಿ, ಸಾಕ್ಷಿಗಳು. ಬಾಡಿಗೆ ಏರಿಕೆ ವರ್ಷಕ್ಕೆ ಶೇ 5 ಎಂಬ ಮಾತು ರೂಢಿಯಲ್ಲಿದೆ, ಐಟಿ ಏರಿಯಾಗಳಲ್ಲಿ ಶೇ 10ಕ್ಕೂ ಕೇಳುತ್ತಾರೆ. ಅಗ್ರಿಮೆಂಟಿನಲ್ಲಿ ಬರೆದಿದ್ದರೆ ಅಷ್ಟೇ, ಅದಕ್ಕಿಂತ ಹೆಚ್ಚಿಲ್ಲ. ಕೆಲವು ಬ್ರೋಕರ್‌ಗಳು ಓನರ್ ಕಿವಿಯಲ್ಲಿ 'ಈಗ 32 ಸಾವಿರಕ್ಕೆ ಹೋಗುತ್ತೆ ಸಾರ್' ಎಂದು ಊದುತ್ತಾರೆ. ಹೊಸ ಬಾಡಿಗೆದಾರ ಬಂದರೆ ಹೊಸ ಕಮಿಷನ್. ಮನೆ ಒಂದು ತಿಂಗಳು ಖಾಲಿ ಬಿದ್ದರೆ ಆಗುವ ನಷ್ಟವನ್ನು ಓನರ್‌ಗೆ ಸಮಾಧಾನದಿಂದ ಲೆಕ್ಕ ಹಾಕಿ ತೋರಿಸಿ, ಎಷ್ಟೋ ಸಲ ಕೆಲಸ ಮಾಡುತ್ತದೆ.

ಮಧ್ಯದಲ್ಲೇ ಓನರ್ ಮನೆ ಮಾರಿಬಿಟ್ರೆ?

ನಿಮ್ಮ ಕರಾರು ಸಾಯುವುದಿಲ್ಲ. ಹೊಸ ಓನರ್ ಹಳೆಯವರ ಜಾಗಕ್ಕೆ ಬರುತ್ತಾರೆ. ಅಡ್ವಾನ್ಸ್ ಯಾರ ಹತ್ತಿರ ಇದೆ ಎಂಬುದನ್ನು ಮಾತ್ರ ಮೂವರೂ ಸಹಿ ಹಾಕಿದ ಕಾಗದದಲ್ಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ ಇಬ್ಬರೂ ಕೈ ತೋರಿಸುತ್ತಾರೆ.

ಖಾಲಿ ಮಾಡುವಾಗ ಅಡ್ವಾನ್ಸ್‌ನಲ್ಲಿ ಏನೇನು ಕಟ್ ಮಾಡಬಹುದು?

ಬೆಂಗಳೂರಲ್ಲಿ ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುವುದು ಬಹಳ ಕಡೆ ಇದೆ, ನೀವು ಹನ್ನೊಂದು ತಿಂಗಳಿದ್ದರೂ ಅಷ್ಟೇ, ಐದು ವರ್ಷವಿದ್ದರೂ ಅಷ್ಟೇ. ಅನ್ಯಾಯವೇ. ಆದರೆ ಅಗ್ರಿಮೆಂಟಿನಲ್ಲಿ ಬರೆದು ಸಹಿ ಹಾಕಿದ್ದರೆ ಆಮೇಲೆ ಕೂಗಾಡಿ ಫಲವಿಲ್ಲ. ಸಹಿ ಹಾಕುವ ಮುಂಚೆಯೇ 'ನಿಜವಾದ ಖರ್ಚಿನ ಬಿಲ್ ತೋರಿಸಿ, ಹೆಚ್ಚೆಂದರೆ ಇಷ್ಟು' ಎಂದು ತಿದ್ದಿಸಿ. ದಿನಬಳಕೆಯಲ್ಲಿ ಸವೆಯುವುದು ಸಹಜ, ಅದಕ್ಕೆ ಕಟ್ ಮಾಡುವಂತಿಲ್ಲ. ಒಡೆದ ಗಾಜು, ಮುರಿದ ಗೀಸರ್ ಬೇರೆ ಮಾತು.

ಮನೆ ಹೊಕ್ಕ ದಿನ ಪ್ರತಿ ರೂಮಿನ ವಿಡಿಯೊ ತೆಗೆದು ಓನರ್‌ಗೆ ವಾಟ್ಸ್ಆ್ಯಪ್ ಮಾಡಿ. ತಾರೀಖು ತಾನಾಗೇ ದಾಖಲಾಗುತ್ತದೆ. ಇದಕ್ಕಿಂತ ಅಗ್ಗದ ಸಾಕ್ಷಿ ಇಲ್ಲ. ನೋಟಿಸನ್ನೂ ಬರಹದಲ್ಲೇ ಕೊಡಿ. ಖಾಲಿ ಮಾಡುವ ದಿನ 'ಕೀ ಕೊಡಿ, ವಾರದಲ್ಲಿ ಹಾಕ್ತೀನಿ' ಎಂದರೆ ಆ ವಾರ ತಿಂಗಳುಗಟ್ಟಲೆ ಬೆಳೆಯಬಹುದು. ಕೀ ಮತ್ತು ದುಡ್ಡು ಒಂದೇ ಹೊತ್ತಿಗೆ ಕೈ ಬದಲಾಗಲಿ. ಕೊನೆಯ ಎರಡು-ಮೂರು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲೇ ಮುರಿದುಕೊಳ್ಳೋಣ ಎಂದು ಓನರ್ ಬರೆದು ಒಪ್ಪಿದರೆ ಅದು ಎಲ್ಲಕ್ಕಿಂತ ನೆಮ್ಮದಿ.

ಅಡ್ವಾನ್ಸ್ ಕೊಡ್ತಾನೇ ಇಲ್ಲ. ಎಲ್ಲಿಗೆ ಹೋಗ್ಲಿ?

ಮೊದಲು ವಕೀಲರಿಂದ ನೋಟಿಸ್. ಅರ್ಧಕ್ಕರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ, ಯಾಕೆಂದರೆ ಓನರ್‌ಗೂ ಕೋರ್ಟ್ ಬೇಡ. ಆಮೇಲೆ ಸಿವಿಲ್ ದಾವೆ. ಪೊಲೀಸ್ ಠಾಣೆಗೆ ಹೋದರೆ ಸಾಮಾನ್ಯವಾಗಿ 'ಇದು ಸಿವಿಲ್ ಕೇಸು' ಎಂದು ಕಳಿಸುತ್ತಾರೆ. ಒಂದೇ ಮನೆಯನ್ನು ಹಲವರಿಗೆ ಲೀಸ್ ಕೊಟ್ಟದ್ದು, ಓನರ್ ಎಂದು ಸುಳ್ಳು ಹೇಳಿದ್ದು, ಸುಳ್ಳು ದಾಖಲೆ, ಇಂಥವು ವಂಚನೆ, ಅಲ್ಲಿ ಪೊಲೀಸ್ ದೂರೇ ಸರಿ. ಮೋಸ ಹೋದವರು ಹತ್ತಾರು ಮಂದಿ ಇದ್ದರೆ ಒಟ್ಟಿಗೆ ಹೋಗಿ.

ಜಗಳ ಆಗಿ ಓನರ್ ನೀರು, ಕರೆಂಟ್ ನಿಲ್ಲಿಸಿ ಬೀಗ ಹಾಕಿದ್ದಾರೆ.

ನಿಮ್ಮದೇ ತಪ್ಪಿದ್ದರೂ, ಬಾಡಿಗೆ ಬಾಕಿ ಇದ್ದರೂ, ಓನರ್ ತಾವಾಗಿ ಬೀಗ ಹಾಕುವಂತಿಲ್ಲ. ಖಾಲಿ ಮಾಡಿಸಲು ಕೋರ್ಟಿಗೇ ಹೋಗಬೇಕು. 112ಕ್ಕೆ ಫೋನ್ ಮಾಡಿ, ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಹಿಂಬರಹ (ದೂರು ಸಿಕ್ಕಿದೆ ಎಂಬ ಚೀಟಿ) ಪಡೆಯಿರಿ. ಬಲವಂತವಾಗಿ ಹೊರಹಾಕಿದ್ದರೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸ್ ಕೇಳಲು ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆ ಆರು ತಿಂಗಳನ್ನು 'ನೋಡೋಣ ಮಾತಾಡೋಣ' ಎಂದು ಕಳೆಯಬೇಡಿ.

ಬ್ರೋಕರ್ ಮೇಲೆ ರೇರಾಗೆ ದೂರು ಕೊಡಬಹುದಾ?

ಬಾಡಿಗೆ ವಿಷಯಕ್ಕೆ ಆಗುವುದಿಲ್ಲ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಅದರ ನೋಂದಣಿ ಬೇಕಿರುವುದು ಯೋಜನೆಗಳಲ್ಲಿನ ಫ್ಲ್ಯಾಟ್, ಸೈಟ್ ಮಾರುವ ಏಜೆಂಟರಿಗೆ. 'ನಾನು ರೇರಾ ರಿಜಿಸ್ಟರ್ಡ್' ಎಂದು ಕಾರ್ಡ್ ತೋರಿಸಿದರೆ ಸಂತೋಷ, ನಿಮ್ಮ ಬಾಡಿಗೆ ವ್ಯವಹಾರಕ್ಕೆ ಅದರಿಂದ ರಕ್ಷಣೆ ಇಲ್ಲ. ಮಧ್ಯವರ್ತಿಗಳು ನೋಂದಾಯಿಸಿಕೊಳ್ಳಬೇಕೆಂದು 1999ರ ಬಾಡಿಗೆ ಕಾಯ್ದೆ ಹೇಳುತ್ತದೆ. ಬೀದಿಯ ಬ್ರೋಕರ್‌ಗಳಲ್ಲಿ ಎಷ್ಟು ಜನ ಹಾಗೆ ಮಾಡಿದ್ದಾರೆ ಎಂದು ಕೇಳಿ ನೋಡಿ, ನಗುತ್ತಾರೆ. ಕಮಿಷನ್ ತೆಗೆದುಕೊಂಡು ಹೇಳಿದ ಸೇವೆ ಕೊಡದಿದ್ದರೆ ಗ್ರಾಹಕ ಆಯೋಗದ ದಾರಿ ಇದೆ. 1915 ಗ್ರಾಹಕ ಸಹಾಯವಾಣಿಗೆ ಮೊದಲು ಫೋನ್ ಮಾಡಿ. ಕಮಿಷನ್ ಅನ್ನು ನಗದಾಗಿ ಕೊಡಬೇಡಿ ಎಂದದ್ದು ಇದಕ್ಕೇ.

ತೆರಿಗೆ ವಿಷಯ ಏನಾದ್ರೂ ಇದೆಯಾ?

ವರ್ಷದ ಬಾಡಿಗೆ ಒಂದು ಲಕ್ಷ ದಾಟಿ ನೀವು ಆಫೀಸಿನಲ್ಲಿ ಎಚ್‌ಆರ್‌ಎ (ಸಂಬಳದಲ್ಲಿನ ಮನೆ ಬಾಡಿಗೆ ಭತ್ಯೆ) ವಿನಾಯಿತಿ ಕೇಳುವುದಾದರೆ ಓನರ್ ಪ್ಯಾನ್ ಬೇಕು. 'ಪ್ಯಾನ್ ಕೊಡಲ್ಲ' ಎನ್ನುವ ಓನರ್‌ಗಳಿದ್ದಾರೆ, ಟೋಕನ್‌ಗೆ ಮೊದಲೇ ಕೇಳಿಬಿಡಿ. ತಿಂಗಳ ಬಾಡಿಗೆ 50,000 ದಾಟಿದರೆ ಬಾಡಿಗೆದಾರರೇ ಬಾಡಿಗೆಯಲ್ಲಿ ಶೇ 2 ಟಿಡಿಎಸ್ (ಮೂಲದಲ್ಲೇ ಮುರಿಯುವ ತೆರಿಗೆ) ಹಿಡಿದು ಕಟ್ಟಬೇಕು. 2024ರ ಸೆಪ್ಟೆಂಬರ್‌ವರೆಗೆ ಅದು ಶೇ 5 ಇತ್ತು. ಓನರ್ ಅನಿವಾಸಿ ಭಾರತೀಯರಾದರೆ ಈ 50,000ದ ಮಿತಿಯೇ ಇಲ್ಲ, ಹಿಡಿಯಬೇಕಾದ ದರವೂ ಬಹಳ ಹೆಚ್ಚು. ಬ್ರೋಕರ್ ಇದನ್ನು ಹೇಳುವುದಿಲ್ಲ, ಇಲಾಖೆ ನೋಟಿಸ್ ಕಳಿಸುವುದು ನಿಮಗೆ. ಅಂಥ ಮನೆಗೆ ಹೋಗುವವರು ಒಬ್ಬ ಆಡಿಟರ್‌ಗೆ ಸಾವಿರ-ಎರಡು ಸಾವಿರ ಕೊಟ್ಟು ಮೊದಲ ತಿಂಗಳಲ್ಲೇ ಸರಿ ಮಾಡಿಕೊಳ್ಳಿ.